ಕೆಂಚಾರ್ಲಹಳ್ಳಿಯ ಹುಳುಮನೆಯಲ್ಲಿ ನಮ್ಮ ಡಬ್ಬಿ

ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕರೆಸಿ, ‘ನಿಮ್ಮ ಕಾಲದ ಅನುಭವ ಹೇಳಿ ಸಾರ್’ ಎಂದು ಕೂರಿಸುವುದರಲ್ಲಿ ಎರಡು ಅಪಾಯಗಳಿವೆ. ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ. ಜೊತೆಗೆ, ಮಾತಿನ ನಡುವೆ ನಿಮ್ಮ ಈಗಿನ ನಿರ್ದೇಶಕರ ದನಿ ನನ್ನ ಬಾಯಿಂದ ತಾನಾಗಿ ಹೊರಟುಬಿಡುತ್ತದೆ. ಹಾಗಾಗಿ ಬರೆದು ಕೊಡುತ್ತಿದ್ದೇನೆ. ಕಾಗದದ ಮೇಲೆ ದನಿ ಕೇಳಿಸದು, ಪಿಂಚಣಿಗೂ ಕ್ಷೇಮ.

ನಾನು ಮಹಬೂಬ್ ಬಾಷಾ, ಶಿಡ್ಲಘಟ್ಟದವನು. ನಮ್ಮಪ್ಪ, ನಮ್ಮ ಮಾತಿನಲ್ಲಿ ಅಬ್ಬಾ, ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕಸುಬಿನವರು. ಆ ನೀರಿನ ವಾಸನೆ ಎಂಥದೆಂದು ಶಿಡ್ಲಘಟ್ಟದವರನ್ನು ಕೇಳಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೇಟಿನ ಕಾವಲುಗಾರ ನನ್ನ ಗುರುತಿನ ಚೀಟಿ ನೋಡುತ್ತಿರಲಿಲ್ಲ, ಮೂಗಿನಲ್ಲೇ ಗುರುತು ಹಿಡಿಯುತ್ತಿದ್ದ. ಅದು ಎಂಬತ್ತರ ದಶಕ. ನನ್ನ ವಿದ್ಯೆ ಡಿಪ್ಲೊಮಾ, ನನ್ನ ಪ್ರತಿಭೆ ಮಿಮಿಕ್ರಿ. ಯಾರದೇ ದನಿಯಾದರೂ ಎರಡು ದಿನ ಕೇಳಿದರೆ ಸಾಕು, ಮೂರನೆಯ ದಿನ ಕ್ಯಾಂಟೀನಿನಲ್ಲಿ ಪ್ರದರ್ಶನ. ನನ್ನ ದನಿಯನ್ನೇ ಬೇರೆಯವರು ಅಣಕಿಸಬಾರದೆಂದು ಅದನ್ನೂ ನಾನೇ ಮಾಡಿ ತೋರಿಸುತ್ತಿದ್ದೆ: ಉರ್ದು, ತೆಲುಗು, ಕನ್ನಡ ಮೂರೂ ಒಂದೇ ಪಾತ್ರೆಯಲ್ಲಿ ಬೆಂದ ಹಾಗೆ.

ನಮ್ಮ ಕೆಲಸ ಏನೆಂದು ಮೊದಲು ಹೇಳಬೇಕು. ಕ್ಷಿಪಣಿ ಹಾರುತ್ತದೆ, ನೂರಾರು ಮೈಲಿ ಹೋಗುತ್ತದೆ, ಕೊನೆಗೆ ಸಮುದ್ರಕ್ಕೆ ಬಿದ್ದು ಮುಳುಗುತ್ತದೆ. ಮತ್ತೆ ಯಾರೂ ಅದರ ಮುಖ ನೋಡುವುದಿಲ್ಲ. ಹಾರುವಾಗ ಒಳಗೆ ಎಷ್ಟು ಬಿಸಿ, ಎಷ್ಟು ಒತ್ತಡ, ಎಷ್ಟು ನಡುಕ ಎಂದು ರೇಡಿಯೊ ಮೂಲಕ ನೆಲಕ್ಕೆ ಹೇಳುತ್ತಾ ಹೋಗಲು ಅದರ ಹೊಟ್ಟೆಯಲ್ಲಿ ಒಂದು ಡಬ್ಬಿ ಇರುತ್ತದೆ. ಆ ಡಬ್ಬಿ ಬಾಯಿ. ನೆಲದ ಮೇಲಿನ ನಮ್ಮ ಅಂಟೆನಾ ಕಿವಿ. ಡಬ್ಬಿ ಮಾಡಿದವರು ನಮ್ಮ ಮೇಲಧಿಕಾರಿ ಶೇಷಗಿರಿ ಸಾರ್, ಚಿಕ್ಕಬಳ್ಳಾಪುರದ ಮೇಷ್ಟರೊಬ್ಬರ ಮಗ. ಅಂಟೆನಾ ತಿರುಗಿಸುತ್ತಿದ್ದವನು ನಾನು.

ಬೆಂಗಳೂರಿನಲ್ಲಿ ರೇಡಿಯೊ ಗದ್ದಲ ಜಾಸ್ತಿ ಎಂದು ಕಿವಿಯನ್ನು ಪರೀಕ್ಷಿಸಲು ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೆ ಹೋಗುವ ದಾರಿಯ ಬಯಲಿನಲ್ಲಿ ಒಂದು ತಗಡಿನ ಶೆಡ್ಡು ಹಾಕಿದ್ದರು. ಒಳಗೆ ಯಂತ್ರಗಳು, ಹೊರಗೆ ಅಂಟೆನಾ, ಬೇಲಿಗೆ ‘ಹವಾಮಾನ ವೀಕ್ಷಣೆ’ ಎಂಬ ಫಲಕ. ಕ್ಷಿಪಣಿ ಎಂದು ಬರೆಯುವ ಹಾಗಿರಲಿಲ್ಲವಲ್ಲ. ಆ ಫಲಕ ಹಾಕಿದ ವಾರದಿಂದಲೇ ಸುತ್ತಲಿನ ರೈತರು ಬಂದು ಬೇಲಿಗೆ ಒರಗತೊಡಗಿದರು. ಕಡಲೆಕಾಯಿ ಬಿತ್ತಬಹುದಾ? ಈ ಮೋಡ ನಿಲ್ಲುತ್ತಾ? ನಾನು ರೇಡಿಯೊದ ವಾರ್ತೆ ಓದುವವರ ಗಂಭೀರ ದನಿಯಲ್ಲಿ ‘ಒಳನಾಡಿನ ಒಂದೆರಡು ಕಡೆ ಹಗುರ ಮಳೆಯಾಗುವ ಸಾಧ್ಯತೆಯಿದೆ’ ಎಂದು ಶುರು ಮಾಡಿದ್ದೆ, ಅಷ್ಟರಲ್ಲಿ ಸಾರ್ ಹಿಂದಿನಿಂದ ಬಂದು ಕೈಹಿಡಿದು ಒಳಗೆ ಎಳೆದುಕೊಂಡರು. ಫಲಕದ ಸುಳ್ಳನ್ನು ಸರ್ಕಾರ ಹೇಳಿದೆ, ಅದರ ಮೇಲೆ ನೀನೊಂದು ಹೇಳಬೇಡ, ಅವರು ಬೀಜ ಚೆಲ್ಲಿಬಿಡುತ್ತಾರೆ ಎಂದರು. ಅಂದಿನಿಂದ ಯಾರು ಕೇಳಿದರೂ ನಮ್ಮ ಉತ್ತರ ಒಂದೇ: ಗೊತ್ತಿಲ್ಲ. ಇಡೀ ತಾಲ್ಲೂಕಿನಲ್ಲಿ ಮಳೆಯ ಬಗ್ಗೆ ಏನೂ ಗೊತ್ತಿಲ್ಲದ ಹವಾಮಾನದವರು ಎಂದು ನಾವು ಹೆಸರುವಾಸಿಯಾದೆವು.

ಆ ಶೆಡ್ಡಿನಲ್ಲಿ ಹುಟ್ಟಿದ ಒಂದು ಪದ್ಧತಿ ನಿಮಗೆ ತಿಳಿದಿರಲಾರದು. ಸಂಕೇತ ಬರುತ್ತಿದೆಯೇ ಎಂದು ತೋರಿಸುವ ಮೀಟರಿನ ಮುಳ್ಳು ಒಂದು ಮೂಲೆಯಲ್ಲಿತ್ತು. ಅಂಟೆನಾದ ಚಕ್ರ ತಿರುಗಿಸುವ ನಾನು ಅದಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಸಂಕೇತ ದಾಖಲಿಸುವ ಟೇಪು ನೋಡುವವನೂ ಅಷ್ಟೆ. ಆದ್ದರಿಂದ ಮುಳ್ಳಿನ ಮುಂದೆ ಕೂತ ಶೇಷಗಿರಿ ಸಾರ್ ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದರು: ‘ಇದೆ... ಇದೆ... ಇದೆ...’ ಒಂದೇ ಎತ್ತರ, ಒಂದೇ ಅಂತರ, ಒಂಚೂರು ಮೂಗಿನಲ್ಲಿ. ಸಂಕೇತ ಹೋದರೆ ಸುಮ್ಮನಾಗುತ್ತಿದ್ದರು. ‘ಹೋಯಿತು’ ಎಂದು ಅವರು ಎಂದೂ ಹೇಳಿದವರಲ್ಲ. ಆ ಮೌನವೇ ನಮಗೆ ಹೊಡೆತ.

ಇಂಥ ದನಿ ಸಿಕ್ಕಿದರೆ ನಾನು ಬಿಡುತ್ತೇನೆಯೇ? ಕ್ಯಾಂಟೀನಿನಲ್ಲಿ ಇಡ್ಲಿ ತಟ್ಟೆಯನ್ನು ಮೀಟರಿನಂತೆ ಮುಂದಿಟ್ಟುಕೊಂಡು ‘ಇದೆ... ಇದೆ...’ ಎನ್ನುತ್ತಾ ಒಂದೊಂದೇ ತುತ್ತು ನುಂಗಿ, ಕೊನೆಯ ತುತ್ತಿಗೆ ಸುಮ್ಮನಾಗುವುದು ನನ್ನ ಜನಪ್ರಿಯ ಪ್ರಸಂಗ. ಒಂದು ದಿನ ಜನ ನಗಲಿಲ್ಲ. ತಿರುಗಿದರೆ ಸಾರ್ ಕಾಫಿ ಲೋಟ ಹಿಡಿದು ನಿಂತಿದ್ದಾರೆ. ನನ್ನ ಜೀವ ಸಾಂಬಾರಿನಲ್ಲಿ ಮುಳುಗಿತು. ಅವರು ಸ್ವಲ್ಪ ಯೋಚಿಸಿ, “ನಡುವೆ ಉಸಿರು ತಗೋತೀಯ ಬಾಷಾ. ನಾನು ತಗೊಳ್ಳಲ್ಲ” ಎಂದು ಹೇಳಿ ಹೋದರು. ಬೈಗುಳವಾಗಿದ್ದರೆ ಮರೆಯುತ್ತಿದ್ದೆ.

ಮೊದಲನೆಯ ಹಾರಾಟಕ್ಕೆ ಪೂರ್ವ ಕರಾವಳಿಗೆ ಹೋದೆವು. ಸಮುದ್ರದ ಉಪ್ಪಿಗೆ ಅಂಟೆನಾದ ತಿರುಪುಗಳೆಲ್ಲ ತುಕ್ಕು ಹಿಡಿದು, ನಾನು ಅವಕ್ಕೆ ಎಣ್ಣೆ ಹಾಕಿ, ಆಮೇಲೆ ಅದೇ ಕೈಯಲ್ಲಿ ಊಟ ಮಾಡಿ, ಮೂರು ದಿನ ಹೊಟ್ಟೆ ಹಿಡಿದುಕೊಂಡು ದೇಶಸೇವೆ ಮಾಡಿದೆ. ಕ್ಷಿಪಣಿ ಎದ್ದಿತು. ನಾನು ನೋಡಲಿಲ್ಲ. ನಲವತ್ತು ಗಜದ ಆಚೆ ಬೆಂಕಿ ಕುಣಿಯುತ್ತಿದ್ದರೂ ಚಕ್ರದವನು ಚಕ್ರವನ್ನೇ ನೋಡಬೇಕು... ನಲವತ್ತು ಗಜ ಎಂದದ್ದು ಮಿಮಿಕ್ರಿಯವನ ಲೆಕ್ಕ, ನಿಜಕ್ಕೂ ಬಹಳ ದೂರವಿತ್ತು. ಬೆನ್ನ ಹಿಂದೆ ‘ಇದೆ... ಇದೆ...’ ಕೇಳುತ್ತಿತ್ತು. ಮೊದಲ ಹಂತ ಉರಿದು ಕಳಚಿತು. ‘ಇದೆ.’ ಎರಡನೆಯದು ಹತ್ತಿಕೊಂಡಿತು. ‘ಇದೆ.’ ಆಮೇಲೆ ಏನೂ ಇಲ್ಲ.

ತುಸು ಹೊತ್ತಿನಲ್ಲೇ ಕ್ಷಿಪಣಿ ದಾರಿ ತಪ್ಪಿ ಸಮುದ್ರಕ್ಕೆ ಬಿತ್ತೆಂದು ರಾಡಾರಿನವರು ಹೇಳಿದರು. ಯಾಕೆ ತಪ್ಪಿತು? ಹೇಳಬೇಕಾದ ಡಬ್ಬಿ ಮೊದಲೇ ಬಾಯಿ ಮುಚ್ಚಿತ್ತು. ಎಂಜಿನ್ನಿನವರು, ದಿಕ್ಕು ನೋಡುವವರು, ರೆಕ್ಕೆಯವರು ಎಲ್ಲರಿಗೂ ಅವರವರ ತಪ್ಪು ತಿಳಿಯಬೇಕಿತ್ತು. ತಿಳಿಯದೆ ಎಲ್ಲರೂ ನಮ್ಮನ್ನು ನೋಡಿದರು. ಬಾಯಿ ಸತ್ತಿತೋ, ಕಿವಿ ಕಿವುಡಾಯಿತೋ ಎಂದು ಒಂದು ಸಮಿತಿ ಕೂತಿತು. ನನ್ನ ಅಂಟೆನಾ ಹಳೆಯದು, ಕೀರಲು ದನಿಯದು. ಎಲ್ಲರ ಕಣ್ಣು ಅದರ ಮೇಲೆ. ಕಿವಿಯದೇ ತಪ್ಪಾದರೆ ಹೊಸ ಅಂಟೆನಾ ತಂದು, ಎರಡನೆಯ ಹಾರಾಟವನ್ನು ಹೇಳಿದ ಹೊತ್ತಿಗೆ ಮಾಡಬಹುದು. ಬಾಯಿಯದಾದರೆ ಡಬ್ಬಿಯನ್ನು ಮತ್ತೆ ಮೊದಲಿನಿಂದ ಮಾಡಬೇಕು, ಹಾರಾಟ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಶೇಷಗಿರಿ ಸಾರ್ ನಿವೃತ್ತರಾಗಿರುತ್ತಾರೆ. ಹನ್ನೆರಡು ವರ್ಷ ಆ ಡಬ್ಬಿಯ ಮೇಲೆ ಬಾಗಿ ಕೂತು ಅವರ ಕತ್ತೇ ಆ ಕಡೆಗೆ ವಾಲಿತ್ತು. ಅದು ಕೊನೆತನಕ ಮಾತಾಡುವುದನ್ನು ಒಂದು ಸಲ ಕೇಳಬೇಕೆಂಬುದೊಂದೇ ಅವರಿಗೆ ಉಳಿದಿದ್ದ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಿದ್ದರೂ ನಮಗೆಲ್ಲ ಗೊತ್ತಿತ್ತು.

ಡಬ್ಬಿಯನ್ನು ಬಲೂನುಗಳ ಗೊಂಚಲಿಗೆ ಕಟ್ಟಿ ಎತ್ತರಕ್ಕೆ ಬಿಟ್ಟು ನೋಡೋಣ ಎಂದದ್ದು ಸಾರ್ ಅವರೇ. ನನ್ನ ಅಂಟೆನಾದ ಪಕ್ಕದಲ್ಲೇ ಎರವಲು ತಂದ ಹೊಸ ಅಂಟೆನಾ ಒಂದನ್ನೂ ನಿಲ್ಲಿಸಬೇಕಿತ್ತು. ಅದು ಲಾರಿಯಿಂದ ಇಳಿಯುವಾಗಲೇ ಬಿದ್ದು ಸೊಟ್ಟಗಾಯಿತು. (ನಾನು ಇಳಿಸಿದ್ದಲ್ಲ. ಈಗಲೂ ಹೇಳುತ್ತೇನೆ.) ಹಳೆಯದರಲ್ಲೇ ಮಾಡಿದೆವು. ಚಳಿಗಾಲದ ಬೆಳಿಗ್ಗೆ ಬಲೂನುಗಳು ಗೌರಿಬಿದನೂರಿನ ಬಯಲಿನಿಂದ ಎದ್ದು ಪೂರ್ವಕ್ಕೆ ತೇಲಿದವು. ‘ಇದೆ... ಇದೆ...’ ಕಣ್ಣಿಗೆ ಚುಕ್ಕಿಯಾಗಿ, ಚುಕ್ಕಿಯೂ ಕಾಣದಂತಾಗಿ, ತುಂಬ ಮೇಲೆ ಹೋದ ಮೇಲೆ ಸಾರ್ ಸುಮ್ಮನಾದರು. ಬಲೂನು ಒಡೆದು, ಪ್ಯಾರಾಚೂಟು ಬಿಚ್ಚಿಕೊಂಡು ಡಬ್ಬಿ ಇಳಿಯತೊಡಗಿದಾಗ ಮತ್ತೆ ‘ಇದೆ’. ಮೇಲೆ ಸತ್ತಿತ್ತು, ಕೆಳಗೆ ಬರುತ್ತಾ ಬದುಕಿತು. ದೂರ ಜಾಸ್ತಿಯಾಗಿ ಕಿವಿಗೆ ಕೇಳಿಸಲಿಲ್ಲವೆಂದು ಸಮಿತಿ ಹೇಳಬಹುದಿತ್ತು. ಡಬ್ಬಿಯನ್ನು ಹುಡುಕಿ ತಂದು ಬಿಚ್ಚಿ ನೋಡಿದರೇ ನಿಜ ಗೊತ್ತಾಗುವುದು. ನಾಡಿದ್ದು ಬೆಳಿಗ್ಗೆಯೇ ಬೆಂಗಳೂರಿನಲ್ಲಿ ಸಮಿತಿ.

ಮರುದಿನ ಬೆಳಿಗ್ಗೆ, ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಹಿಪ್ಪುನೇರಳೆ ತೋಟದಲ್ಲಿ ಬಿಳೀ ಛತ್ರಿ ಇಳಿದಿದೆಯೆಂದು ಪೊಲೀಸರಿಂದ ಸುದ್ದಿ ಬಂತು. ಸಾರ್, ನಾನು ಹತ್ತಿದೆವು, ಜೀಪು ಹೊರಟಿತು. ಓಡಿಸುವವನು ಮುನಿಯಪ್ಪ. ಬಾಗೇಪಲ್ಲಿ ಕಡೆಯವನು, ಗೇರು ಬದಲಿಸುವಾಗಲೆಲ್ಲ ತೆಲುಗಿಗೆ ಜಾರುವವನು. ಊರಿಗೆ ಹೋಗಿ ನೋಡಿದರೆ ನಮ್ಮ ಪ್ಯಾರಾಚೂಟನ್ನು ಒದ್ದೆ ಮಾಡಿ ಕೊಯ್ದ ಸೊಪ್ಪಿನ ಮೇಲೆ ಬಾಡದ ಹಾಗೆ ಹೊದಿಸಿದ್ದಾರೆ. ಅದು ಅಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ತೋಟದೊಡತಿ ವೆಂಕಟಲಕ್ಷ್ಮಮ್ಮ ಬಾಗಿಲಿಗೆ ಬಂದರು. ಡಬ್ಬಿ ಎಲ್ಲಿ ಎಂದರೆ ರೇಷ್ಮೆ ಹುಳು ಸಾಕುವ ಹುಳುಮನೆ ತೋರಿಸಿದರು. ಹುಳುಮನೆಗೆ ಚಿಲಕ ಹಾಕಿತ್ತು.

“ಹುಳು ನಾಲ್ಕನೇ ಜ್ವರಕ್ಕೆ ಕೂತವೆ ಕಣಪ್ಪ. ಈಗ ಬಾಗಿಲು ತೆಗಿಯಲ್ಲ.”

ರೇಷ್ಮೆ ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ತಲೆ ಎತ್ತಿ, ಸೊಪ್ಪು ಬಿಟ್ಟು, ಅಲುಗದೆ ಕೂರುತ್ತವೆ. ಆಗ ಗಾಳಿ ಕದಲಿದರೂ ಕೆಲವರು ಸಹಿಸುವುದಿಲ್ಲ. ಆಕೆ ಅಂಥವರು. ಡಬ್ಬಿ ಮಂಜಿಗೆ ಕೆಡಬಾರದೆಂದು ಹಿಂದಿನ ದಿನವೇ, ಹುಳು ಕೂರುವ ಮೊದಲು, ಒಳಗೆ ಇಟ್ಟಿದ್ದರಂತೆ. ಊರಿನಲ್ಲಿ ಅದಕ್ಕಿಂತ ಚೊಕ್ಕಟವಾದ ಜಾಗ ಇನ್ನೊಂದಿರಲಿಲ್ಲ.

“ಮೇಲಿನ ತಟ್ಟೇಲಿ ಇಟ್ಟಿದೀನಿ. ಸ್ಟ್ಯಾಂಡಿನ ಕಾಲ್ಗೆಲ್ಲ ನೀರಿನ ಬಟ್ಲು ಇದಾವೆ, ಇರುವೆನೂ ಹತ್ತಲ್ಲ. ಸಾಯಂಕಾಲಕ್ಕೆ ಹುಳು ಎದ್ದೇಳ್ತವೆ. ಆಗ ನಾನೇ ತಂದು ಕೊಡ್ತೀನಿ, ಬಿಡಿ.”

ಮುನಿಯಪ್ಪ ಜೀಪಿನ ಸರ್ಕಾರಿ ನಂಬರನ್ನು ಆಕೆಗೆ ಕಾಣುವ ಹಾಗೆ ತಿರುಗಿಸಿ ನಿಲ್ಲಿಸಿದ. ಆಕೆ ನಂಬರು ಬಿಟ್ಟು ಅವನ ಬಾಯಿಯ ಬೀಡಿ ನೋಡಿ, ಅದನ್ನು ಊರಾಚೆ ಹೋಗಿ ಸೇದು ಎಂದರು. ನಾನು ಸಾರ್ ಕಿವಿಯಲ್ಲಿ, ಪೊಲೀಸರಿಗೆ ಹೇಳಿದರೆ ಒಂದು ನಿಮಿಷದ ಕೆಲಸ ಎಂದೆ.

ಸಾರ್ ಜಗಲಿಯ ಮೇಲೆ ಕೂರುತ್ತಾ ಕೇಳಿದರು: “ಹೋದ ತಿಂಗಳು ನಿರ್ದೇಶಕರು ಚಪ್ಪಲಿ ಹಾಕ್ಕೊಂಡು ನಮ್ಮ ಕ್ಲೀನ್ ರೂಮಿಗೆ ಬಂದ್ರಲ್ಲ, ನಾನೇನು ಮಾಡ್ದೆ?”

“ಹೊರಗೆ ನಿಲ್ಲಿಸಿದ್ರಿ ಸಾರ್.”

“ಕೂತ್ಕೋ ಮತ್ತೆ.”

ಕೂತೆವು. ಬಲೂನು ಬಿಟ್ಟವರೆಂದರೆ ಊರವರಿಗೆ ನಾವು ಹವಾಮಾನದವರಲ್ಲವೇ, ವೆಂಕಟಲಕ್ಷ್ಮಮ್ಮ ಮುದ್ದೆ, ಹುರುಳಿ ಸಾರು ಬಡಿಸಿ ಮೊದಲು ಕೇಳಿದ್ದೇ, ಗೂಡು ಕಟ್ಟೋ ಹೊತ್ತಿಗೆ ಮೋಡ ಕಟ್ಟುತ್ತಾ ಎಂದು. ಸಾರ್ ಮುದ್ದೆ ಮುರಿಯುತ್ತಾ, “ನಮಗೆ ಗೊತ್ತಿಲ್ಲ ತಾಯಿ” ಎಂದರು. ಆಕೆ ಅವರನ್ನು ಕರುಣೆಯಿಂದ ನೋಡಿ, “ಪಾಪ, ಇನ್ನೂ ಕಲೀತಾ ಇದೀರೇನೋ” ಎಂದು ಇನ್ನಷ್ಟು ಸಾರು ಹಾಕಿದರು. ನಿವೃತ್ತಿಗೆ ಹತ್ತಿರವಾದ ವಿಜ್ಞಾನಿ ತಲೆಯಾಡಿಸಿ ಹೌದೆಂದರು. ಬೇಸರ ಕಳೆಯಲು ನಾನು ಮುನಿಯಪ್ಪನ ಗೇರಿನ ದನಿ, ನಮ್ಮ ಅಬ್ಬಾ ಗೂಡು ಮಾರುಕಟ್ಟೆಯಲ್ಲಿ ಕೊಸರಾಡುವ ದನಿ ಎಲ್ಲ ಮಾಡಿದೆ. ಶಿಡ್ಲಘಟ್ಟದ ನೂಲು ತೆಗೆಯುವ ರೀಲರ್ ಮಗ ಎಂದು ತಿಳಿದ ಕೂಡಲೇ ಆಕೆ ನಗು ನಿಲ್ಲಿಸಿ, ನಿಮ್ಮವರು ಒಳ್ಳೇ ಗೂಡಿಗೂ ಮುಖ ಸಿಂಡರಿಸ್ತಾರೆ ಕಣಪ್ಪ ಎಂದು ನನ್ನ ಇಡೀ ಮನೆತನವನ್ನು ತರಾಟೆಗೆ ತೆಗೆದುಕೊಂಡರು. ಸಾರ್ ಸದ್ದಿಲ್ಲದೆ ನಕ್ಕರು. ಕೈ ಮಾತ್ರ ಜೇಬಿನಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸುತ್ತಲೇ ಇತ್ತು.

ಹೊತ್ತು ಇಳಿಯುವಾಗ ಆಕೆ ಕಾಲು ತೊಳೆದು, ಬಾಗಿಲು ಇಷ್ಟೇ ತೆರೆದು ಒಳಗೆ ಹೋಗಿ, ಒಗೆದ ಹಳೇ ಸೀರೆಯಲ್ಲಿ ಸುತ್ತಿದ್ದ ಡಬ್ಬಿಯನ್ನು ಕೂಸಿನ ಹಾಗೆ ತಂದು ಸಾರ್ ಕೈಗಿತ್ತರು. ಹುಳು ಎಲ್ಲ ಸುಖವಾಗಿ ಎದ್ದಿವೆ ಎಂದರು. ಆಕೆಯ ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ.

ನಮ್ಮದು ಇನ್ನು ಶುರು. ಸಾರ್ ಜಗಲಿಯ ಮೇಲೆ ಪೇಪರು ಹಾಸಿ, ತಿರುಪು ಬಿಚ್ಚಿ, ಮುಚ್ಚಳ ತೆಗೆದರು. ಒಳಗಿನ ರೇಡಿಯೊದಿಂದ ಡಬ್ಬಿಯದೇ ಪುಟ್ಟ ಅಂಟೆನಾಗೆ ತಂತಿ ಸೇರುವ ಕನೆಕ್ಟರಿನ ಹತ್ತಿರ ಬಾಗಿ ನೋಡಿದರು. ಆಮೇಲೆ ಭೂತಗನ್ನಡಿ ನನ್ನ ಕೈಗೆ ಕೊಟ್ಟರು.

“ನಾನು ಏನೂ ಹೇಳಲ್ಲ ಬಾಷಾ. ನೀನು ನೋಡಿ ಹೇಳು.”

“ಕಪ್ಪು ಕಾಣ್ತಾ ಇದೆ ಸಾರ್.”

“ಎಷ್ಟು?”

“ಸಾಸಿವೆಯಷ್ಟು.”

ಕಿಡಿ ಹಾರಿ ಸುಟ್ಟ ಗುರುತು. ಅಂದರೆ ತಪ್ಪು ಬಾಯಿಯದು. ನನ್ನ ಕಿವಿ ನಿರಪರಾಧಿ. ಒಂದು ಕ್ಷಣ ನನ್ನೊಳಗೆ ತಮಟೆ ಬಾರಿಸಿದ ಹಾಗಾಯಿತು. ತಲೆ ಎತ್ತಿ ಸಾರ್ ಮುಖ ನೋಡಿದೆ, ತಮಟೆ ನಿಂತಿತು.

“ಒರೆಸಿದ್ರೆ ಹೋಗುತ್ತಾ?” ಎಂದರು ಅವರು.

ಆ ಪ್ರಶ್ನೆಗೆ ಏನು ಹೇಳಬೇಕಿತ್ತೋ ಇವತ್ತಿಗೂ ನನಗೆ ತಿಳಿಯದು. ಇದ್ದದ್ದನ್ನೇ ಹೇಳಿದೆ. “ಹೋಗುತ್ತೆ ಸಾರ್.”

ಮುನಿಯಪ್ಪ ಮೆಲ್ಲಗೆ ಗಂಟಲು ಸರಿಮಾಡಿಕೊಂಡ. ಅವನಿಗೆ ಸಾರ್ ಎಂದರೆ ದೇವರ ಪಕ್ಕದ ಸೀಟು. “ಅಂಟೆನಾದ್ದೇ ತಪ್ಪು ಅಂದ್ಬಿಡಿ ಸಾರ್. ಇವ್ನಿಗೆ ನಾಲ್ಕು ಬೈಗುಳ ಬೀಳ್ತವೆ, ಅಷ್ಟೆ. ಚಿಕ್ಕ ಹುಡುಗ, ತಡ್ಕೋತಾನೆ. ಏಮಿ ರಾ, ಏನಂತೀಯ?”

ನಾನು ಹೂಂ ಎಂದೆ. ನಿಜವಾಗಿ ಹೂಂ ಎಂದೆ. ಇದನ್ನು ತ್ಯಾಗ ಅಂದುಕೊಳ್ಳಬೇಡಿ, ಬೈಗುಳ ನನಗೆ ಅಭ್ಯಾಸವಿತ್ತು.

ಸಾರ್ ನಮ್ಮಿಬ್ಬರನ್ನೂ ಒಂದು ಸಲ ನೋಡಿದರು. ಕನೆಕ್ಟರಿನ ಮೇಲೆ ಮುಚ್ಚಳ ಹಾಕಿದರು.

“ಒರೆಸಿದ್ರೆ ಹೋಗುತ್ತೆ ಅಂದ್ಮೇಲೆ ಯಾರೂ ಮುಟ್ಟಬೇಡಿ” ಎಂದರು. ಆ ಸೀರೆಯನ್ನು ವೆಂಕಟಲಕ್ಷ್ಮಮ್ಮನವರಿಂದ ಕೇಳಿ ಪಡೆದು, ಡಬ್ಬಿಯನ್ನು ಮತ್ತೆ ಅದರಲ್ಲೇ ಸುತ್ತಿದರು.

ಪೆರೇಸಂದ್ರದ ಹೆದ್ದಾರಿ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಅವರೇ ಬಿಡಿಸಿ ಹೇಳಿದರು. ಗಾಳಿ ಪೂರ್ತಿ ಇದ್ದರೆ ಆ ಜಾಗದಲ್ಲಿ ಕಿಡಿ ಹಾರುವುದಿಲ್ಲ. ಪೂರ್ತಿ ಇಲ್ಲದಿದ್ದರೂ ಹಾರುವುದಿಲ್ಲ. ಅರೆಬರೆ ಇರುವ ಎತ್ತರದಲ್ಲಿ ಹಾರುತ್ತದೆ. ನಾವು ಬೆಂಗಳೂರಿನಲ್ಲಿ ಗಾಳಿ ತೆಗೆಯುವ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸುವಾಗ, ಡಬ್ಬಿಗೆ ಪೆಟ್ಟಾಗಬಾರದೆಂದು ಅದರ ಸ್ವಿಚ್ ಆರಿಸಿಟ್ಟು, ಗಾಳಿಯೆಲ್ಲ ತೆಗೆದ ಮೇಲೆ ಹಚ್ಚುತ್ತಿದ್ದೆವು. ಕೆಡುವ ಎತ್ತರವನ್ನು ಅದು ಪ್ರತಿ ಸಲವೂ ನಿದ್ದೆಯಲ್ಲೇ ದಾಟುತ್ತಿತ್ತು. ನೂರು ಸಲ ಪಾಸಾಗಿತ್ತು.

“ಹಾಗೆ ಆರಿಸಿಡಬೇಕು ಅಂತ ನಿಯಮ ಮಾಡಿದ್ದು ನಾನೇ ಕಣಪ್ಪ” ಎಂದರು ಸಾರ್. “ಅಕ್ಕರೆ ಜಾಸ್ತಿ ಆಯ್ತು.”

ನಾನು ಎದ್ದು ಇನ್ನೆರಡು ಕಾಫಿ ಹೇಳಿದೆ, ನನ್ನದೇ ದನಿಯಲ್ಲಿ.

ಮರುದಿನ ಸಮಿತಿಯ ಕೋಣೆಯ ಹೊರಗೆ ನಾನು ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಏನು ನಡೆಯಿತೆಂದು ಸಾರ್ ವಿವರಿಸಲಿಲ್ಲ. ಹಾರಾಟ ಮುಂದಕ್ಕೆ ಹೋದದ್ದಷ್ಟೇ ತಿಳಿಯಿತು. ಕಾರಿಡಾರಿನಲ್ಲಿ ಕೆಲವರು ಅವರನ್ನು ಕಂಡು ಕಾಣದಂತೆ ಹೋದರು. ಅವರ ತಪ್ಪೂ ಅಲ್ಲ, ಅವರವರಿಗೂ ಮೇಲಿನವರ ಹತ್ತಿರ ಹೇಳಿಕೊಂಡ ಗಡುವುಗಳಿದ್ದವು. ಸಾರ್ ನೇರ ಪೆಟ್ಟಿಗೆಯ ಕೋಣೆಗೆ ಬಂದು ಹಳೆಯ ನಿಯಮ ಹೊಡೆದುಹಾಕಿದರು. ಅಂದಿನಿಂದ ಡಬ್ಬಿಯನ್ನು ಹಚ್ಚಿಯೇ, ಗಾಳಿಯನ್ನು ನಿಧಾನವಾಗಿ ತೆಗೆಯುತ್ತಾ ಪರೀಕ್ಷೆ. ನೀವು ಇವತ್ತು ‘ಇದನ್ನು ಯಾಕೆ ಇಷ್ಟು ಎಳೀತಾರೆ’ ಎಂದು ಗೊಣಗುತ್ತಾ ಮಾಡುವುದು ಅದನ್ನೇ. ಕನೆಕ್ಟರಿನ ಸಂದುಗಳಿಗೆ ಅಂಟು ತುಂಬಿ ಗಾಳಿಗೆ ಜಾಗವೇ ಇಲ್ಲದಂತೆ ಮಾಡುವುದನ್ನು ಕಲಿಯಲು ಎಷ್ಟು ಡಬ್ಬಿ ಕೆಡಿಸಿದೆವೋ ಲೆಕ್ಕವಿಲ್ಲ. ಕೊನೆಗೊಂದು ಉಳಿಯಿತು. ಅದು ಹಾರುವ ಮೊದಲೇ ಸಾರ್ ಹಾರ ಹಾಕಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದರು. ಬೀಳ್ಕೊಡುಗೆಯಲ್ಲಿ ಮಿಮಿಕ್ರಿ ಮಾಡು ಎಂದು ಎಲ್ಲರೂ ದುಂಬಾಲು ಬಿದ್ದರು. ಎಲ್ಲರ ದನಿಯನ್ನೂ ಮಾಡಿದೆ, ಅವರದೊಂದನ್ನು ಬಿಟ್ಟು.

ಹಾರಾಟದ ದಿನ ಮುಳ್ಳಿನ ಮುಂದೆ ನನ್ನನ್ನು ಕೂರಿಸಿದರು. ಅಷ್ಟು ಹೊತ್ತಿಗೆ ಕಂಪ್ಯೂಟರುಗಳು ಬಂದು, ಪರದೆಯ ಮೇಲೆ ಎಲ್ಲರಿಗೂ ಗೆರೆ ಕಾಣುತ್ತಿತ್ತು. ‘ಇದೆ’ ಎಂದು ಹೇಳುವವನ ಅಗತ್ಯವೇ ಇರಲಿಲ್ಲ. ಆದರೂ ಹೇಳಿದೆ. ಹೊಸ ಹುಡುಗರು ಮುಖ ಮುಖ ನೋಡಿಕೊಂಡರು.

ನಾನು ಊರಿಗೆ ಬರುವಷ್ಟರಲ್ಲಿ ಹಾರಾಟ ಯಶಸ್ವಿಯೆಂದು ಪೇಪರಿನಲ್ಲಿ ಬಂದಿತ್ತು. ಡಬ್ಬಿಯ ವಿಷಯ ಪೇಪರು ಯಾಕೆ ಬರೆದೀತು? ಬಾಯಿಬಿಟ್ಟು ಹೇಳಲು ನನಗೂ ಅಪ್ಪಣೆಯಿರಲಿಲ್ಲ. ಸಾರ್ ನಿವೃತ್ತರು, ಅಂದರೆ ನಿಯಮದ ಪ್ರಕಾರ ಹೊರಗಿನವರು. ಚಿಕ್ಕಬಳ್ಳಾಪುರದ ಅವರ ಮನೆಗೆ ಹೋದಾಗ ಅವರು ವರಾಂಡದಲ್ಲಿ ಕೂತು ಹಳೇ ಟ್ರಾನ್ಸಿಸ್ಟರ್ ಬಿಚ್ಚಿಕೊಂಡಿದ್ದರು. ಹಾರಾಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಿಯಮ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಬ್ಬಾ ಹೇಗಿದಾರೆ, ಮಳೆ ಹೇಗೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಇಬ್ಬರೂ ನಕ್ಕೆವು.

ನಾನು ಅವರಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ ಕೂತೆ.

“ಇದೆ... ಇದೆ... ಇದೆ...”

ಅವರದೇ ದನಿ. ಅದೇ ಎತ್ತರ, ಅದೇ ಅಂತರ, ಒಂಚೂರು ಮೂಗಿನಲ್ಲಿ. ನಡುವೆ ಉಸಿರು ಕೇಳಿಸದ ಹಾಗೆ. ಹಿಂದೆ ಸ್ಕ್ರೂಡ್ರೈವರ್ ಸದ್ದು ನಿಂತಿತು. ಕಾಫಿ ತಂದ ಅವರ ಮನೆಯವರು ಬಾಗಿಲಲ್ಲೇ ನಿಂತು, ಏನಾಯ್ತು ಈ ಹುಡುಗನಿಗೆ ಎಂದರು. ಮೊದಲ ಹಂತ ಕಳಚುವ ಹೊತ್ತು ಬಂತು. ‘ಇದೆ.’ ಎರಡನೆಯದು ಹತ್ತಿಕೊಳ್ಳುವ ಹೊತ್ತು. ‘ಇದೆ.’ ಆಮೇಲೆ, ಹಿಂದಿನ ಸಲ ಡಬ್ಬಿ ಬಾಯಿ ಮುಚ್ಚಿದ್ದ ಆ ಹಳೆಯ ಜಾಗ. ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿತು. ‘ಇದೆ,’ ಎಂದೆ. ‘ಇದೆ... ಇದೆ...’ ಕಾಫಿ ಆರಿತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಗಂಟಲು ಒಣಗಿತು. ನಾನು ಬಿಡಲಿಲ್ಲ. ಡಬ್ಬಿ ಎಷ್ಟು ಹೊತ್ತು ಮಾತಾಡಿತ್ತೋ ಅಷ್ಟು ಹೊತ್ತೂ ಹೇಳಿದೆ. ಆಮೇಲೆ ಸುಮ್ಮನಾದೆ.

ಹಿಂದಿನಿಂದ ಸಾರ್ ದನಿ ಬಂತು.

“ಯಾಕಪ್ಪ ನಿಲ್ಲಿಸ್ದೆ?”

“ಸಮುದ್ರ ಬಂತು ಸಾರ್.”